ತಕ್ಕಡಿ ಮಾವನ ಜುಮಕಿ ಬುಟ್ಟಿ

ನನ್ನ ಸೋದರಮಾವ ಕೈಯಲ್ಲಿ ಎತ್ತಿ ಹೇಳಿದ ತೂಕ ತಪ್ಪಾದದ್ದನ್ನು ನಾನು ಕಂಡಿಲ್ಲ. ಪಾರ್ಸೆಲ್ ಆಫೀಸಿನ ಕೌಂಟರಿನಲ್ಲಿ ಮೂವತ್ತೊಂದು ವರ್ಷದಿಂದ ಅವರದು ಒಂದೇ ಕೆಲಸ. ಜನ ತಂದ ಗಂಟು, ಡಬ್ಬ, ಚೀಲಗಳನ್ನು ಎತ್ತಿ ತೂಕದ ಯಂತ್ರದ ಮೇಲೆ ಇಡುವುದು, ಅಂಕಿ ಓದುವುದು, ಚೀಟಿ ಬರೆಯುವುದು. ಎತ್ತುವಾಗಲೇ ಅವರ ಅಂಗೈಗೆ ವಿಷಯ ತಿಳಿದಿರುತ್ತದೆ, ಯಂತ್ರ ಬರೀ ಸಾಕ್ಷಿ. ಒಮ್ಮೆ ಯಾರದೋ ಡಬ್ಬ ಎತ್ತಿ "ಒಂಬತ್ತು ಕಿಲೋ ಇನ್ನೂರು" ಅಂದರಂತೆ. ಯಂತ್ರ ಒಂಬತ್ತು ಮುನ್ನೂರು ತೋರಿಸಿತು. ಡಬ್ಬದವನು ಹಲ್ಲು ಕಿರಿದ. ಮಾವ ರಿಪೇರಿಯವನಿಗೆ ಫೋನ್ ಮಾಡಿದರು. ಅವನು ಬಂದು ಬಿಚ್ಚಿ ನೋಡಿ, ಯಂತ್ರ ನೂರು ಗ್ರಾಂ ಹೆಚ್ಚು ತೋರಿಸುತ್ತಿದೆ ಎಂದು ಬರೆದುಕೊಟ್ಟು ಹೋದ.

ಅಲ್ಲಿಂದ ಮುಂದೆ ಇಡೀ ಕಟ್ಟಡಕ್ಕೆ ಅವರು ತಕ್ಕಡಿ ಮಾವ. ಅವರಿಗೆ ಅದರಿಂದ ಬೇಜಾರಿಲ್ಲ. ಯಾರ ಗಂಟಿಗೂ ಒಂದು ಗ್ರಾಂ ಹೆಚ್ಚು ಬರೆದವರಲ್ಲ, ಕಡಿಮೆ ಬರೆದವರೂ ಅಲ್ಲ. ಮದುವೆ ಮಾಡಿಕೊಳ್ಳಲಿಲ್ಲ. ಹೆಣ್ಣನ್ನೂ ತೂಗಿ ನೋಡಿದ ಮೇಲೇ ಒಪ್ಪುತ್ತಾರೇನೋ ಎಂದು ಮೆಟ್ಟಿಲ ಬಳಿ ಕೂರುವ ಹೆಂಗಸರು ಆಡಿಕೊಳ್ಳುತ್ತಿದ್ದರು.

ನಾವಿರುವುದು ಮೂರನೇ ಮಹಡಿಯಲ್ಲಿ. ಒಂದು ಪಕ್ಕ ತೆರೆದ ಉದ್ದನೆಯ ಪಡಸಾಲೆ, ಅದರ ತುದಿಯಲ್ಲಿ ಅಕ್ಕಪಕ್ಕ ಎರಡು ಬಾಗಿಲು. ಎಡಗಡೆಯದು ಮಾವನದು, ಬಲಗಡೆಯದು ನನ್ನದು ಮತ್ತು ಅಮ್ಮನದು. ಎರಡು ಬಾಗಿಲುಗಳ ನಟ್ಟನಡುವೆ, ಮೇಲಿನ ತೊಲೆಯ ಕೊಕ್ಕೆಗೆ, ಒಂದು ತಂತಿ ಬುಟ್ಟಿ ತೂಗುತ್ತದೆ. ಅದರಲ್ಲಿರುವುದು ಇಳಿಬೀಳುವ ಫ್ಯೂಷಿಯಾ. ಆ ಹೆಸರು ನಮ್ಮಜ್ಜಿಯ ನಾಲಿಗೆಗೆ ಹೊರಳುತ್ತಿರಲಿಲ್ಲ, ಅವಳಿಗೆ ಅದು ಜುಮಕಿ ಗಿಡ. ಕೆಂಪು ಪಕಳೆ ಹಿಂದಕ್ಕೆ ಮಡಚಿಕೊಂಡು, ಒಳಗಿನ ನೇರಳೆ ಬಣ್ಣದ ಲಂಗ ಕೆಳಗೆ ಬಿಟ್ಟುಕೊಂಡು, ಉದ್ದನೆಯ ಎಳೆಗಳ ತುದಿಯಲ್ಲಿ ಹೂಗಳು ತಲೆಕೆಳಗಾಗಿ ನೇತಾಡುತ್ತವೆ. ಅಜ್ಜಿ ಎಲ್ಲಿಂದಲೋ ಒಂದು ಕಡ್ಡಿ ತಂದು ನೆಟ್ಟಿದ್ದಳು, ನಾನು ಹುಟ್ಟುವ ಮೊದಲು. ಅಜ್ಜಿ ಹೋದಮೇಲೆ ಅದನ್ನು ನೋಡಿಕೊಂಡವರು ಮಾವ.

ಗಿಡಕ್ಕೆ ಯಾವಾಗ ನೀರು ಹಾಕಬೇಕೆಂದು ಜನ ಮಣ್ಣು ಮುಟ್ಟಿ ನೋಡುತ್ತಾರೆ. ಮಾವ ಬುಟ್ಟಿಯನ್ನು ಎತ್ತಿ ನೋಡುತ್ತಾರೆ. ಬೆಳಿಗ್ಗೆ ಆರಕ್ಕೆ, ಬುಟ್ಟಿಯ ತಳಕ್ಕೆ ಅಂಗೈ ಕೊಟ್ಟು, ಸರಪಳಿ ಸಡಿಲವಾಗುವಷ್ಟು ಮಾತ್ರ ಮೇಲೆತ್ತುತ್ತಾರೆ. ಹೊಟ್ಟೆ ತುಂಬ ನೀರು ಕುಡಿದಾಗ ಅದು ಐದೂವರೆ ಕಿಲೋ. ಬಾಯಾರಿದಾಗ ಮೂರೂ ಮುಕ್ಕಾಲು. ನಾಲ್ಕಕ್ಕೆ ಇಳಿದರೆ ಚೊಂಬಿನಲ್ಲಿ ನೀರು, ಇಳಿಯದಿದ್ದರೆ ಇಲ್ಲ. ಆಮೇಲೆ ಎಲ್ಲ ಮಗ್ಗುಲಿಗೂ ಬೆಳಕು ಸಿಗಲೆಂದು ಬುಟ್ಟಿಯನ್ನು ಕಾಲು ಸುತ್ತು ತಿರುಗಿಸುತ್ತಾರೆ, ಲೆಕ್ಕ ತಪ್ಪದಿರಲು ಅಂಚಿಗೆ ಒಂದು ಬಿಳಿ ದಾರ ಕಟ್ಟಿದ್ದಾರೆ. ಬಾಡಿದ ಹೂವನ್ನು ಅದರ ಹಿಂದಿನ ಕಾಯಿಯ ಸಮೇತ ಚಿವುಟುತ್ತಾರೆ. ಕಾಯಿ ಬಿಟ್ಟರೆ ಗಿಡ ಹೂ ಬಿಡುವುದನ್ನೇ ಮರೆಯುತ್ತದಂತೆ. ಚಳಿಗಾಲದಲ್ಲಿ ಕತ್ತರಿಸಿ ತಮ್ಮ ಮಂಚದ ಕೆಳಗೆ ಮಲಗಿಸುತ್ತಾರೆ. ಚಳಿ ಬಿಟ್ಟಮೇಲೆ ಹೊರಗೆ ತಂದು, ಚಿಗುರು ಮೂರು ಜೋಡಿ ಎಲೆ ಬಿಟ್ಟ ಕೂಡಲೇ ತುದಿ ಚಿವುಟಿ, ಒಂದಿದ್ದದ್ದನ್ನು ಎರಡು, ಎರಡಿದ್ದದ್ದನ್ನು ನಾಲ್ಕು ಮಾಡುತ್ತಾರೆ. ಇಷ್ಟು ಮುದ್ದು ನನಗೆ ಯಾರೂ ಮಾಡಿಲ್ಲ.

ಇನ್ನು ಜಗಳದ ವಿಷಯ. ಹೇಳದೆ ಬಿಟ್ಟರೆ ಮುಂದಿನದು ಅರ್ಥವಾಗುವುದಿಲ್ಲ.

ಅಜ್ಜಿ ತೀರಿಕೊಂಡು ಒಂದು ತಿಂಗಳಾದಾಗ ಅವಳ ಪಾತ್ರೆ ಪಗಡ ಹಂಚಿಕೊಳ್ಳುವ ಮಾತು ಬಂತು. ಇರುವುದೇ ಅಕ್ಕ ತಮ್ಮ ಇಬ್ಬರು. ಒಬ್ಬರಿಗೊಬ್ಬರು "ನೀನೇ ತಗೋ, ನೀನೇ ತಗೋ" ಎಂದು ಸಂಜೆಯೊಳಗೆ ಮುಗಿಯಬೇಕಾದ ಕೆಲಸ. ಮಾವ ಆಫೀಸಿನಿಂದ ಕೊಕ್ಕೆ ತಕ್ಕಡಿ ತಂದರು, ಸ್ಪ್ರಿಂಗಿನದು, ದುಂಡು ಮುಖದ ಮೇಲೆ ಮುಳ್ಳು ಓಡುವಂಥದ್ದು. ನನಗಾಗ ಹದಿನೇಳು. ಕೈಗೆ ಪೆನ್ಸಿಲ್ ಕೊಟ್ಟು "ನಾನು ಹೇಳಿದ್ದು ಬರಕೋ" ಅಂದರು. ಒಂದೊಂದನ್ನೇ ನೇತುಹಾಕಿ ಓದಿದರು, ನಾನು ಬರೆದೆ. ಬಾಣಲೆ, ಬೋಗುಣಿ, ಇಸ್ತ್ರಿಪೆಟ್ಟಿಗೆ. ತಾಮ್ರದ ಕೊಡ ಎರಡಿದ್ದವು. "ಇದು ಎರಡು ಕಿಲೋ ಒಂಬೈನೂರು. ಇದೂ ಎರಡು ಒಂಬೈನೂರೇ. ಸಮ. ಅಕ್ಕನಿಗೊಂದು ನನಗೊಂದು." ಮುಳ್ಳಿನ ಕಡೆ ನಾವು ಯಾರೂ ನೋಡಲಿಲ್ಲ. ಮಾವ ಓದಿದ ಅಂಕಿಯನ್ನು ಪರೀಕ್ಷೆ ಮಾಡುವವರು ಈ ಊರಲ್ಲಿ ಇನ್ನೂ ಹುಟ್ಟಿಲ್ಲ.

ಅಮ್ಮ ಅಲ್ಲಿಯವರೆಗೆ ತುಟಿ ಕಚ್ಚಿಕೊಂಡು ಕೂತಿದ್ದಳು. ಅಪ್ಪ ಹೋದಮೇಲೆ ಯಾರಿಂದಲೂ ಒಂದು ಚಿಟಿಕೆ ಉಪ್ಪನ್ನೂ ಪುಕ್ಕಟೆ ತೆಗೆದುಕೊಂಡವಳಲ್ಲ. ತಮ್ಮ ಮಾಡುತ್ತಿರುವುದು ನ್ಯಾಯ ಎನ್ನುವುದು ಅವಳಿಗೂ ಗೊತ್ತಿತ್ತು. ಆದರೆ ಮಾವ ಅಜ್ಜಿಯ ಕಂಬಳಿಯನ್ನು ಮಡಚಿ, ದಾರ ಕಟ್ಟಿ, ಕೊಕ್ಕೆಗೆ ನೇತುಹಾಕಿದರು.

"ಅಮ್ಮ ಹೊದ್ಕೊಂಡಿದ್ದ ಕಂಬಳಿ ಕಣೋ ಅದು! ಅವಳನ್ನೂ ತೂಗಿಬಿಡು ಇನ್ನು!"

"ಸಮ ಆಗ್ಬೇಕಲ್ಲ ಅಕ್ಕ," ಎಂದರು ಮಾವ, ಮುಳ್ಳು ನಿಲ್ಲುವುದನ್ನೇ ಕಾಯುತ್ತ.

"ನಿನ್ನ ಸಮ ನೀನೇ ಇಟ್ಕೋ. ತಮ್ಮ ಅಂತ ಒಬ್ಬ ಇದ್ದ, ಇವತ್ತಿಗೆ ಮುಗೀತು."

ಅಮ್ಮ ಎದ್ದು ಬಂದು ಬಾಗಿಲು ಹಾಕಿಕೊಂಡಳು. ಅವಳ ಪಾಲಿನ ಸಾಮಾನನ್ನು ಐದು ಸಲ ಓಡಾಡಿ ನಾನು ಹೊತ್ತು ತಂದೆ. ಆವತ್ತಿನಿಂದ ಒಂಬತ್ತು ವರ್ಷ ಅವರಿಬ್ಬರ ನಡುವೆ ಒಂದು ಮಾತಿಲ್ಲ. ಇಬ್ಬರಿಗೂ ಬಂದದ್ದು ಅಜ್ಜಿಯ ಹಟ. ಅದನ್ನು ಮಾತ್ರ ತೂಗದೆಯೇ ಸಮನಾಗಿ ಹಂಚಿಕೊಂಡಿದ್ದರು.

ಹಂಚದೆ ಉಳಿದದ್ದು ಜುಮಕಿ ಗಿಡ ಒಂದೇ. ಅದು ನಡುವೆ ನೇತಾಡುತ್ತ ಉಳಿಯಿತು. ಬುದ್ಧಿ ಇರುವ ಯಾರೇ ಆದರೂ ಅದರದೊಂದು ಕಡ್ಡಿ ಮುರಿದು ಬೇರೆ ಕುಂಡದಲ್ಲಿ ನೆಟ್ಟಿಟ್ಟುಕೊಳ್ಳುತ್ತಿದ್ದರು, ಒಂದು ಹೋದರೆ ಇನ್ನೊಂದು ಇರಲಿ ಎಂದು. ನಾನು ಹೇಳಿಯೂ ಇದ್ದೆ.

"ಬೇಡಮ್ಮ," ಎಂದಿದ್ದರು ಮಾವ. "ಮುರಿದ್ರೆ, ಇದನ್ನೂ ಪಾಲು ಮಾಡ್ದ ಅಂತಾಳೆ ನಿಮ್ಮಮ್ಮ."

ಹಾಗಾಗಿ ಅಜ್ಜಿಯದೆಂದು ಈ ಲೋಕದಲ್ಲಿ ಉಳಿದ ಜೀವಂತ ವಸ್ತು ಆ ಬುಟ್ಟಿಯಲ್ಲಿದ್ದದ್ದು ಮಾತ್ರ. ಅದು ಹೋದರೆ ಹೋಯಿತು.

ಈ ಒಂಬತ್ತು ವರ್ಷ ಅಂಚೆಯ ಕೆಲಸ ನನ್ನದು. "ನಿಮ್ಮ ಮಾವನಿಗೆ ಹೇಳು, ನಲ್ಲಿ ಸೋರ್ತಿದೆ." "ನಿಮ್ಮಮ್ಮನಿಗೆ ಹೇಳು, ನಾಳೆ ನೀರು ಬರಲ್ಲ." ಇಬ್ಬರೂ ಬಾಗಿಲಲ್ಲೇ ನಿಂತಿರುತ್ತಿದ್ದರು, ನಾಲ್ಕು ಹೆಜ್ಜೆ ದೂರದಲ್ಲಿ, ಪರಸ್ಪರರ ದನಿ ಚೆನ್ನಾಗಿ ಕೇಳಿಸುತ್ತಿತ್ತು. ಆದರೂ ನಾನು ನಡುವೆ ನಿಂತು ಅದನ್ನೇ ಇನ್ನೊಮ್ಮೆ ಒದರಬೇಕು. ನನಗೆ ಸಾಕಾಗಿ ಹೋಗಿತ್ತು, ಅದನ್ನು ಮುಚ್ಚಿಡುವುದೇಕೆ.

ಹೋದ ವರ್ಷ ಬೇಸಿಗೆಗೆ ಮೊದಲು ಅಮ್ಮ ನಿವೃತ್ತಳಾದಳು. ಆಸ್ಪತ್ರೆಯ ಬಟ್ಟೆ ಕೋಣೆಯಲ್ಲಿ ಹರಿದ ಹೊದಿಕೆ, ದಿಂಬಿನ ಚೀಲಗಳನ್ನು ಹೊಲಿಯುವುದು ಅವಳ ಕೆಲಸವಾಗಿತ್ತು. ಇಪ್ಪತ್ತಾರು ವರ್ಷದಲ್ಲಿ ಮೊದಲ ಸಲ ಅವಳು ಮಧ್ಯಾಹ್ನ ಮೂರು ಗಂಟೆಗೆ ಮನೆಯಲ್ಲಿದ್ದಳು. ನಮ್ಮ ಪಡಸಾಲೆಗೆ ಬಿಸಿಲು ಬರುವುದು ಆ ಹೊತ್ತಿನಲ್ಲೇ. ಗಿಡ ನೆರಳಲ್ಲಿದ್ದರೂ ಆ ಕಾವಿಗೆ ಎಲೆಗಳು ಜೋತುಬೀಳುತ್ತವೆ, ಬೇರಿನಲ್ಲಿ ಬೇಕಾದಷ್ಟು ನೀರಿದ್ದರೂ. ಸಂಜೆ ತಂಪಾದಾಗ ತಾವೇ ಏಳುತ್ತವೆ. ಇದು ಗಿಡದ ಅಭ್ಯಾಸ. ಆದರೆ ಅದನ್ನು ಅಮ್ಮನಿಗೆ ಹೇಳುವವರು ಯಾರು? ಮಾವ ಆಫೀಸಿನಲ್ಲಿ, ನಾನು ಕನ್ನಡಕದ ಅಂಗಡಿಯಲ್ಲಿ.

ಅಮ್ಮ ಕಂಡಳು. ನೀರಿಲ್ಲದೆ ಸಾಯುತ್ತಿದೆ ಅಂದುಕೊಂಡಳು. ಒಂದು ಚೊಂಬು ಹಾಕಿದಳು. ಸಂಜೆ ಹೊತ್ತಿಗೆ ಎಲೆ ಎದ್ದು ನಿಂತವು. ತನ್ನ ನೀರಿನಿಂದಲೇ ಬದುಕಿತು ಎಂದು ಖುಷಿಪಟ್ಟಳು. ಮರುದಿನ ಮೂರಕ್ಕೆ ಮತ್ತೆ ಜೋತುಬಿದ್ದಿತ್ತು, ಮತ್ತೆ ಒಂದು ಚೊಂಬು. ತಳದಿಂದ ನೆಲಕ್ಕೆ ತೊಟ್ಟಿಕ್ಕಿದ್ದನ್ನು ಒರೆಸಿ, ಬಟ್ಟೆ ಹಿಂಡಿ, ಒಳಗೆ ಹೋಗುತ್ತಿದ್ದಳು. ಬಟ್ಟೆ ಕೋಣೆಯ ಶಿಸ್ತು, ಒಂದು ಹನಿ ಗುರುತು ಉಳಿಯುತ್ತಿರಲಿಲ್ಲ.

ಆದರೆ ಬೆಳಿಗ್ಗೆ ಅಂಗೈ ಕೊಟ್ಟವರು ತಕ್ಕಡಿ ಮಾವ.

"ನಿನ್ನೆ ಬೆಳಿಗ್ಗೆ ನಾಲ್ಕೂ ಮುಕ್ಕಾಲು ಇತ್ತು," ಎಂದರು ನನಗೆ, ಹಲ್ಲುಜ್ಜುತ್ತಿದ್ದವಳನ್ನು ನಿಲ್ಲಿಸಿ. "ನಾನು ನೀರು ಹಾಕಿಲ್ಲ. ಇವತ್ತು ಐದೂಕಾಲು. ರಾತ್ರಿ ಕಳೆದು ಬೆಳಗಾಗೋದ್ರಲ್ಲಿ ಅರ್ಧ ಕಿಲೋ ಎಲ್ಲಿಂದ ಬಂತು?"

"ಬೆಳೆದಿರತ್ತೆ ಮಾವ."

ಅವರು ನನ್ನನ್ನು ನೋಡಿದ ನೋಟದಲ್ಲಿ ನನ್ನ ತೂಕವೂ ಅರ್ಧಕ್ಕೆ ಇಳಿಯಿತು.

ಮೊದಲು ಮೇಲಿನ ಮಹಡಿಯ ಪೈಪಿನ ಮೇಲೆ ಅನುಮಾನ. ಕುರ್ಚಿ ಹತ್ತಿ ತೊಲೆ ಮುಟ್ಟಿ ನೋಡಿದರು, ಒಣಗಿತ್ತು. ಆಮೇಲೆ ಪಡಸಾಲೆ ತೊಳೆಯುವವಳ ಮೇಲೆ. "ನಂಗೆ ನೆಲ ತೊಳ್ಯೋಕೇ ಪುರುಸೊತ್ತಿಲ್ಲ, ನಿಮ್ಮ ಆಕಾಶ ಯಾಕೆ ತೊಳೀಲಿ?" ಎಂದು ಅವಳು ಪೊರಕೆ ಕುಕ್ಕಿದಳು. ಕೊನೆಗೆ ಮಾವ ಒಂದು ರಟ್ಟಿನ ಚೂರಿನ ಮೇಲೆ, ಪಾರ್ಸೆಲ್ ಚೀಟಿ ಬರೆಯುವ ಅದೇ ದುಂಡು ಅಕ್ಷರದಲ್ಲಿ, "ಈ ಗಿಡಕ್ಕೆ ಬೇರೆಯವರು ನೀರು ಹಾಕಬಾರದು" ಎಂದು ಬರೆದು ಸರಪಳಿಗೆ ಕಟ್ಟಿದರು.

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡಂತೆ ಅಮ್ಮ ಭುಗಿಲೆದ್ದಳು. ಅದು ನನ್ನ ರಜೆಯ ದಿನ, ಹಾಗಾಗಿ ಎಲ್ಲವೂ ನನಗೆ ಗೊತ್ತಾಯಿತು.

"ಬೇರೆಯವರಂತೆ! ನಾನು ಬೇರೆಯವಳಾ? ನಮ್ಮಮ್ಮನ ಗಿಡಕ್ಕೆ ನಾನು ನೀರು ಹಾಕಬಾರದಾ?"

"ಅಮ್ಮ, ನೀನಾ ಹಾಕ್ತಿರೋದು?"

"ಹೂಂ, ನಾನೇ. ಅವನು ನೀರೇ ಕೊಡಲ್ಲ, ಮಧ್ಯಾಹ್ನ ಬಂದು ನೋಡು ಅದರ ಗತಿ. ಅವನಿಗೆ ಹೇಳಿದ್ಯೋ, ನೋಡು ಮತ್ತೆ."

ಅಮ್ಮ ಆವತ್ತು ಎರಡು ಚೊಂಬು ಹಾಕಿದಳು. ಸಂಜೆ ಮಾವ ಬಂದು ಬುಟ್ಟಿ ಎತ್ತಿ, ನನ್ನ ಮುಖ ನೋಡಿ, "ಯಾರು ಅಂತ ನಿಂಗೆ ಗೊತ್ತಾ?" ಎಂದರು.

ನಾನು ಆವತ್ತು ಹೇಳಬಹುದಿತ್ತು. ಹೇಳಲಿಲ್ಲ. ಈ ಅಂಚೆಯವಳು ಮುಷ್ಕರ ಹೂಡಿದಳು. "ನನ್ನ ಕೇಳಬೇಡಿ ಮಾವ. ಗೊತ್ತಿರೋರನ್ನ ಕೇಳಿ," ಎಂದೆ. ಈಗಲಾದರೂ ಇಬ್ಬರೂ ಬಾಯಿ ಬಿಡಲಿ ಎನ್ನುವುದು ನನ್ನ ಲೆಕ್ಕ. ಆ ಲೆಕ್ಕದಲ್ಲಿ ಗಿಡವನ್ನು ನಾನು ಸೇರಿಸಿರಲಿಲ್ಲ. ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯಿತು ಅನ್ನುತ್ತಾರೆ. ಇಲ್ಲಿ ಅಕ್ಕ ತಮ್ಮನ ಜಗಳದಲ್ಲಿ ಜುಮಕಿ ಗಿಡ ಬಡವಾಯಿತು, ಮತ್ತು ಅದರಲ್ಲಿ ನನ್ನ ಪಾಲೂ ಇದೆ.

ಎರಡು ವಾರದಲ್ಲಿ ಕೆಳಗಿನ ಎಲೆಗಳು ಹಳದಿಯಾಗಿ ಉದುರಿದವು. ಮೊಗ್ಗುಗಳು ಬಿರಿಯುವ ಮೊದಲೇ ಬಿದ್ದವು. ಬುಟ್ಟಿಯ ಸುತ್ತ ಸಣ್ಣ ಕಪ್ಪು ನೊಣ ಹಾರತೊಡಗಿದವು, ಹತ್ತಿರ ಹೋದರೆ ಹಳೆಯ ಬಾವಿಯ ವಾಸನೆ. ಈಗ ಸಂಜೆಯಾದರೂ ಎಲೆ ಏಳುತ್ತಿರಲಿಲ್ಲ. ಬೇರು ಕೊಳೆತರೆ ಗಿಡ ನೀರಲ್ಲೇ ನಿಂತು ಬಾಯಾರುತ್ತದೆ. ಅಮ್ಮ ಬಾಯಾರಿಕೆಯನ್ನು ಮಾತ್ರ ಕಂಡಳು, ಬೆಳಿಗ್ಗೆಯೂ ಒಂದು ಚೊಂಬು ಶುರುಮಾಡಿದಳು, ಮಾವ ಬಸ್ಸಿಗೆ ಹೊರಟ ಕೂಡಲೇ. ಅತಿಯಾದರೆ ಅಮೃತವೂ ವಿಷ ಎಂದು ನನಗೆ ಸಣ್ಣವಳಿದ್ದಾಗಿನಿಂದ ಹೇಳಿಕೊಟ್ಟವಳು ಇವಳೇ.

ಮಾವ ಊಟ ಕಡಿಮೆ ಮಾಡಿದರು. ಅದು ಅವರ ಮುಖದಲ್ಲಿ ಕಾಣಿಸಿತು. ಮುಂದಿನ ಬುಧವಾರ, ನನ್ನ ರಜೆಯ ದಿನ, ಅವರು ನೌಕರಿಗೆ ಸೇರಿದಮೇಲೆ ಮೊದಲ ಸಲ ಅರ್ಧ ದಿನ ರಜೆ ಹಾಕಿ ಒಂದು ಗಂಟೆಗೇ ಮನೆಗೆ ಬಂದರು. ಚಪ್ಪಲಿಯನ್ನು ಕೈಯಲ್ಲಿ ಹಿಡಿದು ಮೆಟ್ಟಿಲು ಹತ್ತಿದರು. ನಾನು ಕಿಟಕಿಯಿಂದ ಕಂಡೆ, ಅವರೂ ನನ್ನನ್ನು ಕಂಡರು, ಇಬ್ಬರೂ ಸುಮ್ಮನಿದ್ದೆವು. ತಮ್ಮ ಬಾಗಿಲನ್ನು ನಾಲ್ಕು ಬೆರಳು ತೆರೆದಿಟ್ಟು ಹಿಂದೆ ಕೂತರು.

ಮೂರಕ್ಕೆ ಅಮ್ಮ ಚೊಂಬು ಹಿಡಿದು ಹೋದಳು. ಎಡಗೈಯಿಂದ ಎಲೆ ಸರಿಸಿದಳು. "ಕುಡಿ ಮಗ," ಎಂದಳು ಗಿಡಕ್ಕೆ. ಮಾವನ ಬಾಗಿಲು ತೆರೆಯಿತು.

ಅವರು ಕೂಗಾಡುತ್ತಾರೆ ಅಂದುಕೊಂಡಿದ್ದೆ. ಅವರು ಹೊರಬಂದು, ಬುಟ್ಟಿಯನ್ನು ಕೊಕ್ಕೆಯಿಂದ ಬಿಡಿಸಿ, ಅಮ್ಮನ ಎದುರು ಹಿಡಿದರು.

"ಹಿಡಿ."

ಅಮ್ಮ ಚೊಂಬು ಕೆಳಗಿಟ್ಟು ಎರಡೂ ಕೈ ಕೊಟ್ಟಳು. ಕೈ ಕುಸಿಯಿತು.

"ಭಾರ ಇದ್ಯಾ?"

"ಇದೆ."

"ಅದೆಲ್ಲ ನೀರು. ಭಾರ ಇರೋವಾಗ ಹಾಕಬಾರದು ಅಕ್ಕ."

"ಬಾಡಿತ್ತಲ್ಲೋ."

"ಬಿಸಿಲಿಗೆ ಬಾಡತ್ತೆ. ಸಂಜೆ ತಾನೇ ಏಳತ್ತೆ."

ಅಮ್ಮ ಬುಟ್ಟಿ ಹಿಡಿದುಕೊಂಡೇ ನಿಂತಳು. "ನಾನು ಹಾಕಿದ್ದಕ್ಕೆ ಏಳ್ತಿದೆ ಅಂದ್ಕೊಂಡಿದ್ದೆ," ಎಂದಳು. ಆಮೇಲೆ ಅತ್ತಳು. ಅಜ್ಜಿ ಸತ್ತಾಗ ಅತ್ತದ್ದಕ್ಕಿಂತ ಹೆಚ್ಚು ಅತ್ತಳು.

ಪಡಸಾಲೆಯಲ್ಲಿ ಹಳೆ ಪೇಪರು ಹಾಸಿ ಬುಟ್ಟಿ ಬೋರಲು ಹಾಕಿದರು. ಬೇರುಗಳು ಕಂದುಬಣ್ಣಕ್ಕೆ ತಿರುಗಿ ಬೆರಳಿಗೇ ಜಾರಿ ಬಂದವು. ಮಾವ ಬುಡದ ತೊಗಟೆಯನ್ನು ಉಗುರಿನಿಂದ ಕೆರೆದರು, ಹಸಿರಿರಲಿಲ್ಲ. ಮೇಲಿನ ಕೆಲವು ತುದಿಗಳಲ್ಲಿ ಮಾತ್ರ ಜೀವವಿತ್ತು. ಮಾವ ಕತ್ತರಿ ತಂದರು, ಆದರೆ ಕತ್ತರಿಸಲಿಲ್ಲ.

"ಅಕ್ಕ, ಮುರೀಲಾ?"

ಅಮ್ಮ ಮೂಗು ಒರೆಸಿಕೊಂಡಳು. "ಕೇಳ್ತಾ ಕೂತ್ಕೊಂಡಿದೀಯಲ್ಲ, ಮುರಿಯೋ."

ಬೆರಳುದ್ದದ ಹದಿಮೂರು ತುದಿ ಸಿಕ್ಕವು. ಕೆಳಗಿನ ಎಲೆ ತೆಗೆದು, ಮರಳು ಬೆರೆಸಿದ ಮಣ್ಣಿನಲ್ಲಿ ಊರಿ, ಪಾರದರ್ಶಕ ಡಬ್ಬ ಮುಚ್ಚಿ, ನಮ್ಮ ಅಡುಗೆಮನೆಯ ಕಿಟಕಿಯಲ್ಲಿಟ್ಟರು. ನೆರಳು ಅಲ್ಲಿ ಚೆನ್ನಾಗಿತ್ತು. ಅದಕ್ಕಾಗಿ ಮಾವ ದಿನಾ ನಮ್ಮ ಮನೆಯೊಳಗೆ ಬರಬೇಕಾಯಿತು. ಮೊದಲ ವಾರ ಗಿಡದ ಮಾತು ಮಾತ್ರ. ಎರಡನೇ ವಾರ ಕಾಫಿ ಬಂತು. ಮೂರನೇ ವಾರ ನಲ್ಲಿ ಸೋರುವ ವಿಷಯವನ್ನು ಅಮ್ಮ ನೇರವಾಗಿ ಮಾವನಿಗೇ ಹೇಳಿದಳು, ನನ್ನ ಅಂಚೆಯ ನೌಕರಿ ಹೋಯಿತು. ಎಂಟು ಕಡ್ಡಿ ಒಂದೊಂದಾಗಿ ಕಪ್ಪಾಗಿ ಸತ್ತವು. ಐದು ಬೇರು ಬಿಟ್ಟವು. ಐದನ್ನು ಇಬ್ಬರಿಗೆ ಹಂಚುವುದು ಹೇಗೆ ಎಂದು ನಾನು ಬೇಕಂತಲೇ ಕೇಳಿದೆ.

"ಬುಟ್ಟಿ ತುಂಬೋಕೆ ಐದೂ ಬೇಕು," ಎಂದರು ಮಾವ. "ಹಂಚೋದೇನು ಬಂತು?"

ಅಮ್ಮನ ಅಂಗೈ ಪಾಠ ಆಗಲೇ ಶುರುವಾಗಿತ್ತು. ಮೊದಲು ಪುಟ್ಟ ಕುಂಡಗಳು, ಚಳಿಗಾಲ ಕಳೆದಮೇಲೆ ಬುಟ್ಟಿ. ಮಾವ ಹೊರಡುವ ಮುಂಚೆ ಎತ್ತಿ ನೋಡಿ ತೂಕವನ್ನು ಮನಸ್ಸಲ್ಲಿಟ್ಟುಕೊಳ್ಳುವರು, ಅಮ್ಮ ಎತ್ತಿ ಬಾಯಲ್ಲಿ ಹೇಳಬೇಕು. ಮೊದಮೊದಲು ಅದು ತಕ್ಕಡಿಯಲ್ಲಿ ಕಪ್ಪೆ ತೂಗಿದ ಹಾಗಿತ್ತು, ಇವತ್ತು ಅರ್ಧ ಕಿಲೋ ಆಚೆ, ನಾಳೆ ಅರ್ಧ ಕಿಲೋ ಈಚೆ. ಆಮೇಲಾಮೇಲೆ ಅಂತರ ಇಳಿಯಿತು. ಈ ಬೇಸಿಗೆಗೆ ನೂರು ಗ್ರಾಮಿನೊಳಗೆ ಹೇಳುವಷ್ಟಾದಳು. ಸಂತೆಯಲ್ಲಿ ತರಕಾರಿಯವನ ಜೊತೆ ಜಗಳವಾಡಲು ಹೊಸ ಆಯುಧ ಸಿಕ್ಕಿತು. ಐದು ಕಡ್ಡಿಗಳೂ ಬುಟ್ಟಿಯ ಅಂಚು ದಾಟಿ ಇಳಿಬಿದ್ದವು, ಕೊನೆಯ ಸಲ ತುದಿ ಚಿವುಟಿ ಎಂಟು ವಾರಕ್ಕೆ ಮೊದಲ ಜುಮಕಿ ಬಿಟ್ಟಿತು.

ಅದಾಗಿ ಎರಡು ಮೂರು ವಾರಕ್ಕೆ ಒಂದು ಭಾನುವಾರ. ಮಾವ ಕುರ್ಚಿ ಹತ್ತಿ ಬಾಡಿದ ಹೂ ಬಿಡಿಸುತ್ತಿದ್ದರು. ಗಿಡಕ್ಕೆಂದು ಅವರು ಮಳೆನೀರು ಹಿಡಿದಿಡುವುದು ಅಜ್ಜಿಯ ತಾಮ್ರದ ಕೊಡದಲ್ಲಿ, ಅವರ ಪಾಲಿಗೆ ಬಂದದ್ದರಲ್ಲಿ. ಅಮ್ಮ ಅವರ ಅಡುಗೆಮನೆಗೆ ಹೋಗಿ ಕೊಡ ಎತ್ತಿಕೊಂಡಳು. ಖಾಲಿಯಿತ್ತು. ಅದನ್ನು ಹಿಡಿದು ಬಾಗಿಲ ತನಕ ಬಂದವಳು ನಿಂತಳು. ಕೊಡವನ್ನು ಒಮ್ಮೆ ಮೇಲೆ ಕೆಳಗೆ ಮಾಡಿದಳು. ನಮ್ಮ ಮನೆಗೆ ಹೋಗಿ, ಕಪಾಟಿನ ಮೇಲಿಂದ ನಮ್ಮ ಕೊಡ ಇಳಿಸಿ, ಅದರಲ್ಲಿದ್ದ ದಾರದ ಉಂಡೆಗಳನ್ನೆಲ್ಲ ಹಾಸಿಗೆಗೆ ಸುರಿದು, ಒಂದೊಂದು ಕೈಯಲ್ಲಿ ಒಂದೊಂದು ಹಿಡಿದು ಹೊರಗೆ ಬಂದಳು.

"ಲೋ. ಇವೆರಡೂ ಎಷ್ಟು ಅಂದಿದ್ದೆ ಅವತ್ತು?"

"ಎರಡು ಒಂಬೈನೂರು. ಎರಡೂ," ಎಂದರು ಮಾವ, ತಿರುಗಿ ನೋಡದೆ.

"ನಂದು ಭಾರ ಇದೆ. ಅರ್ಧ ಕಿಲೋ ಜಾಸ್ತಿ."

"ನಿನ್ನ ಕೈ ಇನ್ನೂ ಪಳಗಿಲ್ಲ ಅಕ್ಕ."

ಕೊಕ್ಕೆ ತಕ್ಕಡಿ ಮಾವನ ಬಾಗಿಲ ಹಿಂದಿನ ಮೊಳೆಯಲ್ಲೇ ಇತ್ತು. ಯಾರೂ ಅದನ್ನು ತರಲು ಹೋಗಲಿಲ್ಲ. ಆವತ್ತು ಆ ಚೀಟಿಯಲ್ಲಿ ಎರಡೂ ಅಂಕಿ ಬರೆದವಳು ನಾನು. ಬಾಣಲೆಗೆ, ಬೋಗುಣಿಗೆ, ಕಂಬಳಿಗೆ ಕೂಡ ಮಾವ ಇನ್ನೇನೇನು ಓದಿರಬಹುದು ಎಂದು ಯೋಚಿಸುತ್ತ ಗೋಡೆಗೆ ಒರಗಿ ನಿಂತೆ. ಮಾವನ ಕಿವಿ ಆ ಜುಮಕಿಗಳಷ್ಟೇ ಕೆಂಪಾಗಿತ್ತು.

"ಹತ್ತು ವರ್ಷ ಕಣೋ," ಎಂದಳು ಅಮ್ಮ. "ಬಾಯಿ ಬಿಟ್ಟು ಒಂದು ಮಾತು ಹೇಳಬಾರದಿತ್ತಾ?"

"ಹೇಳಿದ್ರೆ ತಗೋತಿದ್ಯಾ?"

ಅಮ್ಮ ಅವರ ಕೊಡವನ್ನು ಕುರ್ಚಿಯ ಪಕ್ಕ ಇಟ್ಟಳು. ಮಾವ ಬುಟ್ಟಿಯ ತಳಕ್ಕೆ ಅಂಗೈ ಕೊಟ್ಟು ಸರಪಳಿ ಸಡಿಲವಾಗುವಷ್ಟು ಎತ್ತಿ ನೋಡಿದರು.

"ನಾಲ್ಕಕ್ಕೆ ಇಳಿದಿದೆ," ಎಂದರು. "ನೀರು ತಾ."

ಅಮ್ಮ ತನ್ನ ಕೊಡದಲ್ಲೇ ತಂದಳು.